ಒಂದು ಕಾಸಿನ ಹಾಡಿಗೆ ಒಂದು ಚೀಟಿ

(ಗ್ರಂಥಾಲಯ ಸಪ್ತಾಹದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಡಲೆಕಾಯಿ ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದವನ್ನು ಬಿಡಿಸಿ ಓದುವ ಅಭ್ಯಾಸ ಅನೇಕರಿಗೆ ಉಂಟು. ಯಾವುದೋ ಪರೀಕ್ಷೆಯ ಉತ್ತರ ಪತ್ರಿಕೆ, ಯಾವುದೋ ಕಥೆಯ ನಡುವಿನ ಪುಟ, ಒಮ್ಮೊಮ್ಮೆ ಯಾವುದೋ ಹಾಡಿನ ಎರಡು ಚರಣ. ಆ ಹಾಡಿನ ಪಲ್ಲವಿ ಬೇರೊಂದು ಪೊಟ್ಟಣದ ಜೊತೆ ಬೇರೊಂದು ಮನೆಗೆ ಹೋಗಿರುತ್ತದೆ. ಬರೆದವರು ಯಾರು, ಎಲ್ಲಿ ಅಚ್ಚಾಯಿತು, ಯಾವ ಮಟ್ಟಿನಲ್ಲಿ ಹಾಡಬೇಕು ಎಂಬ ಯಾವ ಪ್ರಶ್ನೆಗೂ ಉತ್ತರವಿಲ್ಲ. ಕಾಗದವನ್ನು ಮುದ್ದೆ ಮಾಡಿ ಎಸೆದರೆ ಆ ಹಾಡಿನ ಕಥೆ ಅಲ್ಲಿಗೆ ಮುಗಿಯಿತು.

ಪುಸ್ತಕಕ್ಕೆ ರಟ್ಟು ಇರುತ್ತದೆ, ಬೆನ್ನಿನ ಮೇಲೆ ಹೆಸರು ಇರುತ್ತದೆ, ಕಪಾಟಿನಲ್ಲಿ ನೆಟ್ಟಗೆ ನಿಲ್ಲುವ ಶಕ್ತಿ ಇರುತ್ತದೆ. ಒಂದು ಹಾಳೆಯ ಲಾವಣಿಗೆ, ಎಂಟು ಪುಟದ ಪದ್ಯಾವಳಿಗೆ ಇದಾವುದೂ ಇಲ್ಲ. ಜಾತ್ರೆಯಲ್ಲೋ ಟೆಂಟ್ ಸಿನಿಮಾದ ಬಾಗಿಲಲ್ಲೋ ಕೆಲವೇ ಕಾಸಿಗೆ ಕೊಂಡು, ಹಾಡು ಬಾಯಿಗೆ ಬರುವವರೆಗೆ ಜೋಪಾನ ಮಾಡಿ, ಆಮೇಲೆ ಮರೆತುಬಿಡುವ ಕಾಗದ ಅದು. ಆದರೆ ಒಂದು ಕಾಲದ ಜನ ನಿಜವಾಗಿ ಏನು ಹಾಡುತ್ತಿದ್ದರು ಎಂದು ತಿಳಿಯಹೊರಟವರಿಗೆ ಮಹಾಕಾವ್ಯಗಳಿಗಿಂತ ಹೆಚ್ಚು ನೆರವಾಗುವುದು ಈ ಕಾಗದವೇ.

ಇಂತಹ ಕಾಗದಗಳನ್ನು ಕೂಡಿಹಾಕುವುದು ಒಂದು ಕೆಲಸ. ಕೂಡಿಹಾಕಿದ್ದಕ್ಕೆ ಪಟ್ಟಿ ಬರೆಯುವುದು ಇನ್ನೊಂದು ಕೆಲಸ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ನಾಲ್ಕು ಶತಮಾನಗಳ ಅನುಭವ ಒಳ್ಳೆಯ ಪಾಠವಾಗಿದೆ. ಮೊದಲು ಆ ಕಥೆ, ಆಮೇಲೆ ನಮ್ಮ ಮನೆಯ ಅಟ್ಟದ ಕಥೆ.

ಗೋಡೆಗೆ ಅಂಟಿಸಿದ ಹಾಡು

ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಲಂಡನ್ನಿನಲ್ಲಿ ಒಂದು ದೊಡ್ಡ ಹಾಳೆಯ ಒಂದೇ ಮಗ್ಗುಲಿಗೆ ಹಾಡನ್ನು ಅಚ್ಚು ಹಾಕಿ ಮಾರುವ ವ್ಯಾಪಾರ ಭರದಿಂದ ನಡೆದಿತ್ತು. ಇವನ್ನು ಬ್ರಾಡ್‌ಸೈಡ್ ಬ್ಯಾಲಡ್ ಎಂದು ಕರೆಯುತ್ತಾರೆ. ಬೆಲೆ ಅರ್ಧ ಪೆನ್ನಿ ಅಥವಾ ಒಂದು ಪೆನ್ನಿ. ದಪ್ಪನೆಯ ಹಳೆಯ ಅಕ್ಷರ, ಮೇಲೆ ಒಂದೆರಡು ಮರದಚ್ಚಿನ ಚಿತ್ರ, ತಲೆಬರಹದ ಕೆಳಗೆ ಇಂತಹ ಹಾಡಿನ ಧಾಟಿಯಲ್ಲಿ ಹಾಡತಕ್ಕದ್ದು ಎಂಬ ಸೂಚನೆ. ಸ್ವರಲಿಪಿಯನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ಹಾಕಿದರೂ ಕೊಳ್ಳುವವನಿಗೆ ಓದಲು ಬರುತ್ತಿರಲಿಲ್ಲ. ಧಾಟಿಯ ಹೆಸರು ಹೇಳಿದರೆ ಸಾಕು, ಅದು ಎಲ್ಲರ ಕಿವಿಯಲ್ಲೂ ಇತ್ತು.

ನಮ್ಮ ಹಳೆಯ ಭಜನೆಯ ಪುಸ್ತಕಗಳನ್ನೂ ನಾಟಕದ ಹಾಡಿನ ಪುಸ್ತಕಗಳನ್ನೂ ನೋಡಿದವರಿಗೆ ಇದು ಹೊಸದಲ್ಲ. ಹಾಡಿನ ತಲೆಯ ಮೇಲೆ ಮತ್ತೊಂದು ಹಾಡಿನ ಮೊದಲ ಮಾತು ಕೊಟ್ಟು ‘ಎಂಬ ಮಟ್ಟು’ ಎಂದು ಬರೆಯುವ ಪದ್ಧತಿ ಇಲ್ಲಿಯೂ ಇತ್ತು. ಎರಡು ದೂರದ ದೇಶಗಳ ಅಚ್ಚುಕೂಟದವರು ಒಂದೇ ತೊಂದರೆಗೆ ಒಂದೇ ಪರಿಹಾರ ಕಂಡುಕೊಂಡಿದ್ದರು.

ಇಂಗ್ಲೆಂಡಿನ ಆ ಹಾಳೆಗಳನ್ನು ಹಾಡಿ ಮಾರುವವರು ಬೀದಿ ಬೀದಿ ತಿರುಗುತ್ತಿದ್ದರು. ಯುದ್ಧ, ಕೊಲೆ, ಗಲ್ಲು, ಪ್ರೇಮ, ಕುಡಿತ, ಗಂಡ ಹೆಂಡಿರ ಜಗಳ ಎಲ್ಲವೂ ಹಾಡಾಗುತ್ತಿತ್ತು. ಹೆಂಡದಂಗಡಿಯವರು ಅವನ್ನು ಗೋಡೆಗೆ ಅಂಟಿಸುತ್ತಿದ್ದರು. ಹಳತಾದ ಮೇಲೆ ಅಡುಗೆಮನೆಯಲ್ಲಿ ತಟ್ಟೆಯ ಅಡಿಗೆ ಹಾಸುವುದಕ್ಕೂ ಪೆಟ್ಟಿಗೆಯ ಒಳಗೆ ಹೊದಿಸುವುದಕ್ಕೂ ಅವು ಬಳಕೆಯಾಗುತ್ತಿದ್ದವು. ಕಾಗದ ದುಬಾರಿಯಾಗಿದ್ದ ಕಾಲ, ಒಂದು ಹಾಳೆಯೂ ವ್ಯರ್ಥವಾಗುತ್ತಿರಲಿಲ್ಲ. ಹಾಡು ಮಾತ್ರ ವ್ಯರ್ಥವಾಗುತ್ತಿತ್ತು.

ಎಷ್ಟು ವ್ಯರ್ಥವಾಯಿತು ಎಂಬುದಕ್ಕೆ ಒಂದು ಲೆಕ್ಕವಿದೆ. ಲಂಡನ್ನಿನ ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಗೆ 1557ರಲ್ಲಿ ರಾಜಮನ್ನಣೆಯ ಸನದು ದೊರೆಯಿತು. ಹಾಡು ಅಚ್ಚು ಹಾಕುವವರು ಅದರ ಹೆಸರನ್ನು ಕಂಪನಿಯ ದಫ್ತರದಲ್ಲಿ ಬರೆಸಿ ಶುಲ್ಕ ಕಟ್ಟಬೇಕಿತ್ತು. ಬರೆಸದೆ ಅಚ್ಚು ಹಾಕಿದವರೂ ಬಹಳ ಮಂದಿ. 1924ರಲ್ಲಿ ಅಮೆರಿಕದ ವಿದ್ವಾಂಸ ಹೈಡರ್ ರಾಲಿನ್ಸ್ ಈ ದಫ್ತರಗಳಲ್ಲಿ 1557ರಿಂದ 1709ರವರೆಗೆ ದಾಖಲಾದ ಬ್ಯಾಲಡ್‌ಗಳ ಸೂಚಿಯನ್ನು ಪ್ರಕಟಿಸಿದ. ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಆ ಪೈಕಿ ಎಷ್ಟೋ ಹಾಡುಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹೆಸರು ಇದೆ, ಹಾಡು ಇಲ್ಲ. ಪಟ್ಟಿ ಇದ್ದು ಸಂಗ್ರಹ ಇಲ್ಲದಿದ್ದರೆ ಆಗುವ ನಷ್ಟ ಇದು.

ದಿನಚರಿಯ ಅಧಿಕಾರಿ

ಉಳಿದ ಹಾಡುಗಳು ಉಳಿದದ್ದಾದರೂ ಹೇಗೆ? ಬಹುಮಟ್ಟಿಗೆ ಕೆಲವು ಹಟವಾದಿಗಳಿಂದ. ಅವರಲ್ಲಿ ಎಲ್ಲರಿಗಿಂತ ಹೆಸರಾದವನು ಸ್ಯಾಮ್ಯುಯೆಲ್ ಪೀಪ್ಸ್ (1633–1703). ಇಂಗ್ಲೆಂಡಿನ ನೌಕಾಪಡೆಯ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಈತ ತನ್ನ ದಿನಚರಿಯಿಂದ ಪ್ರಸಿದ್ಧ. ವಿದ್ವಾಂಸ ಜಾನ್ ಸೆಲ್ಡನ್ ಆರಂಭಿಸಿದ್ದ ಸಂಗ್ರಹವೊಂದು ಪೀಪ್ಸನ ಕೈಗೆ ಬಂತು. ಅದಕ್ಕೆ ಆತ 1700ರವರೆಗೂ ಸೇರಿಸುತ್ತಲೇ ಹೋದ. ಕೊನೆಗೆ ಐದು ಸಂಪುಟಗಳಲ್ಲಿ 1,800ಕ್ಕೂ ಹೆಚ್ಚು ಹಾಡುಗಳಾದವು.

ಪೀಪ್ಸ್ ಸುಮ್ಮನೆ ಕೂಡಿಹಾಕಲಿಲ್ಲ, ವಿಂಗಡಿಸಿದ. ಭಕ್ತಿ ಮತ್ತು ನೀತಿ, ಚರಿತ್ರೆ, ಕೊಲೆ ಮತ್ತು ಮರಣದಂಡನೆ, ರಾಜಕೀಯ, ಸುಖದ ಪ್ರೇಮ, ದುಃಖದ ಪ್ರೇಮ, ಮದುವೆ, ಸಮುದ್ರ, ಕುಡಿತ, ತಮಾಷೆ ಹೀಗೆ ತಲೆಬರಹಗಳನ್ನು ಮಾಡಿ ಹಾಡುಗಳನ್ನು ಅವುಗಳ ಕೆಳಗೆ ಜೋಡಿಸಿದ. ನೌಕಾಪಡೆಯ ಅಧಿಕಾರಿ ಸಮುದ್ರದ ಹಾಡುಗಳಿಗೆ ಪ್ರತ್ಯೇಕ ವಿಭಾಗ ಮಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಂಗಡಣೆ ಎಂದರೆ ಹಾಡಿನ ಚಿತ್ರದ ಜೊತೆ ವಿಂಗಡಿಸುವವನ ಚಿತ್ರವೂ ಹೌದು.

ಒಂದು ಹಾನಿಯೂ ಆಯಿತು. ಸಂಪುಟದ ಅಳತೆಗೆ ಹೊಂದುವಂತೆ ಅನೇಕ ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿ, ಅಂಚು ಸವರಿ ಅಂಟಿಸಲಾಯಿತು. ಮೂಲ ಹಾಳೆ ಬೀದಿಯಲ್ಲಿ ಹೇಗೆ ಕಾಣುತ್ತಿತ್ತು ಎಂದು ತಿಳಿಯಲು ಇಂದಿನವರು ತುಂಡುಗಳನ್ನು ಮತ್ತೆ ಜೋಡಿಸಿ ನೋಡಬೇಕಾಗಿದೆ. ಪ್ರೀತಿಯಿಂದ ಉಳಿಸಿದ ಕೈಯೇ ಕತ್ತರಿಯನ್ನೂ ಹಿಡಿದಿತ್ತು.

ಪೀಪ್ಸನ ಮುನ್ನೆಚ್ಚರಿಕೆ ಮಾತ್ರ ಮೆಚ್ಚತಕ್ಕದ್ದು. ಆತನ ಗ್ರಂಥಭಂಡಾರದಲ್ಲಿ ಇದ್ದದ್ದು 3,000 ಸಂಪುಟಗಳು. ಅದಕ್ಕೆ ಒಂದನ್ನೂ ಸೇರಿಸಕೂಡದು, ಒಂದನ್ನೂ ತೆಗೆಯಕೂಡದು ಎಂದು ಕರಾರು ಮಾಡಿದ್ದ. 1724ರಲ್ಲಿ ಅದು ಕೇಂಬ್ರಿಜ್‌ನ ಮ್ಯಾಗ್ಡಲಿನ್ ಕಾಲೇಜಿಗೆ ಸೇರಿತು. ಅಲ್ಲಿ ನಿಯಮ ತಪ್ಪಿದರೆ ಅದೇ ಊರಿನ ಟ್ರಿನಿಟಿ ಕಾಲೇಜಿಗೆ ಹೋಗಬೇಕೆಂಬ ಏರ್ಪಾಡೂ ಇತ್ತು. ಹೀಗೆ ಪಕ್ಕದ ಮನೆಯವರನ್ನೇ ಕಾವಲಿಗೆ ಇಟ್ಟದ್ದರಿಂದ ಮೂರು ಶತಮಾನಗಳ ನಂತರವೂ ಆ ಹಾಡುಗಳು ಅದೇ ಊರಿನಲ್ಲಿ, ಅದೇ ಸಂಪುಟಗಳಲ್ಲಿವೆ.

ಎಲ್ಲ ಸಂಗ್ರಹಗಳಿಗೂ ಈ ಭಾಗ್ಯ ಇರಲಿಲ್ಲ. ರಾಕ್ಸ್‌ಬರೋ ಸಂಗ್ರಹವೆಂದು ಹೆಸರಾದ ಸುಮಾರು 1,500 ಹಾಡುಗಳು ರಾಬರ್ಟ್ ಹಾರ್ಲಿ ಎಂಬ ಶ್ರೀಮಂತನಿಂದ ಆರಂಭವಾಗಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹರಾಜಿನಲ್ಲಿ ಸಾಗಿ, 1845ರಲ್ಲಿ ಬ್ರಿಟಿಷ್ ಮ್ಯೂಸಿಯಂ ಕೊಂಡ ಮೇಲೆಯೇ ನೆಲೆ ಕಂಡವು.

ತಿಪ್ಪೆ ಎಂದವರು, ಹೊತ್ತು ತಂದವರು

ವಿದ್ವಾಂಸರಿಗೆ ಈ ಹಾಳೆಗಳ ಮೇಲೆ ಗೌರವವಿತ್ತೆ? ಬಹುಕಾಲ ಇರಲಿಲ್ಲ. ಅಮೆರಿಕದ ಹಾರ್ವರ್ಡ್‌ನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಹೊರಬಂದ ತನ್ನ ಮಹಾ ಸಂಕಲನದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಬ್ಯಾಲಡ್‌ಗಳಿಗೆ ಕ್ರಮಸಂಖ್ಯೆ ಕೊಟ್ಟ. ಕೊನೆಯ ಭಾಗ ಹೊರಬರುವ ಮೊದಲೇ, 1896ರಲ್ಲಿ, ಆತ ತೀರಿಕೊಂಡಿದ್ದ. ಬಾಯಿಂದ ಬಾಯಿಗೆ ಬಂದದ್ದೇ ನಿಜವಾದ ಜನಪದ, ಅಚ್ಚಾದದ್ದು ಕಲಬೆರಕೆ ಎಂಬ ಭಾವನೆ ಅವನಿಗೆ. ಪೀಪ್ಸ್ ಮತ್ತು ರಾಕ್ಸ್‌ಬರೋ ಸಂಗ್ರಹಗಳನ್ನು ಪತ್ರವೊಂದರಲ್ಲಿ ಆತ ತಿಪ್ಪೆಗೆ ಹೋಲಿಸಿದ್ದುಂಟು.

ಮುಂದೆ ಹಳ್ಳಿಗಳಿಗೆ ಹೋಗಿ ಹಾಡು ಸಂಗ್ರಹಿಸಿದವರಿಗೆ ಬೇರೆಯದೇ ಸಂಗತಿ ಕಂಡಿತು. ಅಜ್ಜನಿಂದ ಕಲಿತೆ ಎಂದು ಹಾಡಿದವರ ಹಾಡುಗಳಲ್ಲಿ ಬಹುಪಾಲು ಯಾವುದೋ ಕಾಲದಲ್ಲಿ ಅಚ್ಚಾದ ಹಾಳೆಗಳಲ್ಲಿಯೂ ಇದ್ದವು. ಅಜ್ಜ ಅದನ್ನು ಸಂತೆಯಲ್ಲಿ ಕೊಂಡಿರಬಹುದು. ಅಥವಾ ಅಜ್ಜನ ಹಾಡನ್ನೇ ಕೇಳಿ ಅಚ್ಚುಕೂಟದವನು ಕದ್ದಿರಬಹುದು. ಬಾಯಿ ಮತ್ತು ಅಚ್ಚು ಒಂದಕ್ಕೊಂದು ಶತ್ರುಗಳಾಗಿರಲಿಲ್ಲ. ನೀರು ಕೊಡ ತುಂಬುವಂತೆ, ಕೊಡದ ನೀರು ಮತ್ತೆ ಹೊಲಕ್ಕೆ ಹೋಗುವಂತೆ ಹಾಡು ಎರಡರ ನಡುವೆ ಓಡಾಡುತ್ತಿತ್ತು.

ತಿಪ್ಪೆ ಎನಿಸಿಕೊಂಡದ್ದನ್ನು ಹೊತ್ತು ತಂದವರಲ್ಲಿ ಒಬ್ಬನ ಹೆಸರನ್ನು ಇಲ್ಲಿ ಹೇಳಲೇಬೇಕು. ವಾಲ್ಟರ್ ಹಾರ್ಡಿಂಗ್ 1883ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕದ ಶಿಕಾಗೋ ನಗರಕ್ಕೆ ಹೋದವನು. ಪ್ರಾಧ್ಯಾಪಕನಲ್ಲ, ಜಮೀನ್ದಾರನಲ್ಲ. ಮನರಂಜನೆಯ ಮಂದಿರಗಳಲ್ಲಿ ಪಿಯಾನೋ ನುಡಿಸಿ ಹೊಟ್ಟೆ ಹೊರೆದವನು. ಹಾಡಿನ ಹಾಳೆಗಳು, ಪದ್ಯಾವಳಿಗಳು, ಯಾರೂ ಕೇಳದ ಹಳೆಯ ಕವಿತಾ ಸಂಕಲನಗಳು ಇವನ್ನೇ ಜೀವಮಾನವೆಲ್ಲ ಕೊಂಡು ಮನೆ ತುಂಬಿಸಿದ. 1973ರಲ್ಲಿ ಆತ ತೀರಿಕೊಂಡಾಗ ಉಯಿಲಿನಂತೆ ಆ ಸಂಗ್ರಹ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯಕ್ಕೆ ಸೇರಿತು. ಅದು ಸಮುದ್ರ ದಾಟಿ ಬಂದದ್ದು ನೂರಾರು ಪೆಟ್ಟಿಗೆಗಳಲ್ಲಿ. ಇಂದು ಆ ಗ್ರಂಥಾಲಯದಲ್ಲಿ ಇರುವ ಸುಮಾರು 30,000 ಬ್ಯಾಲಡ್ ಹಾಳೆಗಳಲ್ಲಿ ಹಾರ್ಡಿಂಗ್ ತಂದ ಪಾಲು ದೊಡ್ಡದು.

ಹೆಸರಿಲ್ಲದ್ದಕ್ಕೆ ಹೆಸರು

ಇನ್ನು ಎರಡನೆಯ ಕೆಲಸ. ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲೆ ಹರಡಿದ ಮೇಲೆ ಗ್ರಂಥಪಾಲಕನಿಗೆ ತಲೆನೋವು ಶುರುವಾಗುತ್ತದೆ. ಪುಸ್ತಕದ ಸೂಚಿ ಬರೆಯುವ ಕ್ರಮ ಎಲ್ಲರಿಗೂ ಗೊತ್ತು. ಕರ್ತೃ, ಶೀರ್ಷಿಕೆ, ಪ್ರಕಾಶಕ, ವರ್ಷ. ಹಾಡಿನ ಹಾಳೆಯಲ್ಲಿ ಕರ್ತೃವಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ವರ್ಷ ಇರುವುದಿಲ್ಲ. ಶೀರ್ಷಿಕೆ ಮುದ್ರಕನಿಂದ ಮುದ್ರಕನಿಗೆ ಬದಲಾಗುತ್ತದೆ. ಬೇರೆ ಬೇರೆ ಹೆಸರಿನ ನಾಲ್ಕು ಹಾಳೆಗಳಲ್ಲಿ ಇರುವುದು ಒಂದೇ ಹಾಡಾಗಿರಬಹುದು. ಒಂದೇ ಹೆಸರಿನ ನಾಲ್ಕು ಹಾಳೆಗಳಲ್ಲಿ ನಾಲ್ಕು ಬೇರೆ ಹಾಡುಗಳೂ ಇರಬಹುದು.

ಆದ್ದರಿಂದ ಹಾಡಿನ ಸೂಚಿಗೆ ಬೇರೆ ಹಿಡಿಕೆಗಳು ಬೇಕು. ಮೊದಲ ಸಾಲು, ಪಲ್ಲವಿ, ಧಾಟಿಯ ಹೆಸರು, ಮುದ್ರಕನ ಹೆಸರು ಮತ್ತು ವಿಳಾಸ, ಚಿತ್ರದ ವಿವರ, ವಿಷಯ. ಇವುಗಳಲ್ಲಿ ಯಾವುದಾದರೂ ಒಂದು ಹಿಡಿದು ಹುಡುಕಿದರೂ ಹಾಡು ಸಿಗಬೇಕು.

ಚಿತ್ರವೂ ಸಾಕ್ಷಿ ಹೇಳುತ್ತದೆ. ಮುದ್ರಕರು ಒಂದೇ ಮರದಚ್ಚನ್ನು ದಶಕಗಳ ಕಾಲ ಹತ್ತಾರು ಹಾಡುಗಳಿಗೆ ಬಳಸುತ್ತಿದ್ದರು. ಮರ ಹಳತಾದಂತೆ ಬಿರುಕು ಬಿಡುತ್ತದೆ, ಹುಳು ತೂತು ಕೊರೆಯುತ್ತದೆ. ಬಿರುಕು ಸಣ್ಣದಿರುವ ಹಾಳೆ ಮೊದಲಿನದು, ದೊಡ್ಡದಿರುವುದು ಆಮೇಲಿನದು. ಹೀಗೆ ವರ್ಷವಿಲ್ಲದ ಹಾಳೆಗಳನ್ನೂ ಹಿಂದುಮುಂದಾಗಿ ಜೋಡಿಸಬಹುದು. ಈಗ ಕಂಪ್ಯೂಟರ್ ಈ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ ಒಂದೇ ಅಚ್ಚಿನವನ್ನು ಆರಿಸಿ ಕೊಡುತ್ತದೆ.

ಕೆಲಸದ ವ್ಯಾಪ್ತಿ ತಿಳಿಯಲು ಒಂದು ಉದಾಹರಣೆ. ಬಾರ್ಬರಾ ಆಲೆನ್ ಎಂಬ ಹಾಡನ್ನು ಕೇಳಿದ್ದಾಗಿ ಪೀಪ್ಸ್ 1666ರ ಜನವರಿ 2ರ ದಿನಚರಿಯಲ್ಲಿ ಬರೆದಿದ್ದಾನೆ. ಚೈಲ್ಡ್ ಅದಕ್ಕೆ 84ನೆಯ ಸಂಖ್ಯೆ ಕೊಟ್ಟ. ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಗ್ರಂಥಪಾಲಕರಾಗಿದ್ದ ಸ್ಟೀವ್ ರೌಡ್ 1970ರ ಸುಮಾರಿಗೆ ಕಾರ್ಡುಗಳ ಮೇಲೆ ಆರಂಭಿಸಿದ ಸೂಚಿಯಲ್ಲಿ ಅದರ ಸಂಖ್ಯೆ 54. ಆ ಹಾಡು ಯಾವ ಹೆಸರಿನಲ್ಲಿ ಎಲ್ಲಿ ಅಚ್ಚಾಗಿರಲಿ, ಯಾರು ಎಲ್ಲಿ ಹಾಡಿರಲಿ, ಎಲ್ಲವೂ ಆ ಒಂದು ಸಂಖ್ಯೆಯ ಕೆಳಗೆ ಬರುತ್ತವೆ. ಕಾರ್ಡುಗಳು 1990ರ ದಶಕದಲ್ಲಿ ಕಂಪ್ಯೂಟರಿಗೆ ಏರಿದವು. ಇಂದು ಆ ಸೂಚಿಯಲ್ಲಿ ಸುಮಾರು 25,000 ಹಾಡುಗಳ ಲಕ್ಷಾಂತರ ಉಲ್ಲೇಖಗಳಿವೆ. ಬೋಡ್ಲಿಯನ್ ತನ್ನ ಬ್ಯಾಲಡ್ ಸೂಚಿಯನ್ನು 1999ರಲ್ಲಿ ಅಂತರಜಾಲಕ್ಕೆ ಹಾಕಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಕೇಂದ್ರ 2003ರಲ್ಲಿ ಆರಂಭಿಸಿದ ಭಂಡಾರ ಪೀಪ್ಸನ ಹಾಳೆಗಳಿಂದಲೇ ಶುರುವಾಯಿತು. ಅಲ್ಲಿ ಹಾಳೆಯ ಚಿತ್ರ, ಓದಲು ಬರುವ ಪಠ್ಯ, ಧಾಟಿ ಸಿಕ್ಕಿದ ಕಡೆ ಹಾಡಿದ ಧ್ವನಿ ಮೂರನ್ನೂ ಒಟ್ಟಿಗೆ ಇಟ್ಟಿದ್ದಾರೆ. ಒಂದು ಪೆನ್ನಿಯ ಹಾಳೆಗೆ ಇಷ್ಟು ಮರ್ಯಾದೆ ದೊರೆಯಲು ಮುನ್ನೂರು ವರ್ಷ ಬೇಕಾಯಿತು.

ನಮ್ಮ ಹಾಡು, ನಮ್ಮ ಪಟ್ಟಿ

ಕನ್ನಡದ ಕಥೆ ಬೇರೆ. ಆದರೆ ತೀರ ಬೇರೆಯಲ್ಲ. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದ ಕಲ್ಲಚ್ಚಿನಲ್ಲಿಯೇ ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಮಾಡಿಸಿದ. ಬಾಯಲ್ಲಿ, ತಾಳೆಗರಿಯಲ್ಲಿ, ಕಡತದಲ್ಲಿ ಇದ್ದ ಹಾಡು ಕಾಗದಕ್ಕೆ ಬಂತು. ಇತ್ತ ಧಾರವಾಡದ ಕಡೆ, ಶಾಸನಗಳ ವಿದ್ವಾಂಸನೆಂದು ಹೆಸರಾದ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಲಾವಣಿಗಳನ್ನು ಬರೆದುಕೊಂಡು 1885ರಿಂದ ‘ಇಂಡಿಯನ್ ಆ್ಯಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಅದರಲ್ಲಿ ಸೇರಿವೆ. ದಂಗೆಯನ್ನು ಅಡಗಿಸಿದ ಸರಕಾರದ ಅಧಿಕಾರಿಯೇ ದಂಗೆಯ ಹಾಡನ್ನು ಉಳಿಸಿದ.

ಅದೇ ಸರಕಾರ 1867ರಲ್ಲಿ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯಿದೆಯನ್ನು ತಂದಿತು. ಅಚ್ಚಾದದ್ದರ ಪ್ರತಿಗಳನ್ನು ಸರಕಾರಕ್ಕೆ ಒಪ್ಪಿಸಬೇಕು, ಮೂರು ತಿಂಗಳಿಗೊಮ್ಮೆ ಪಟ್ಟಿ ಗೆಜೆಟ್ಟಿನಲ್ಲಿ ಬರಬೇಕು. ಉದ್ದೇಶದಲ್ಲಿ ಸಾಹಿತ್ಯಪ್ರೀತಿಗಿಂತ ಕಣ್ಗಾವಲಿನ ಪಾಲು ಕಡಿಮೆಯಿರಲಿಲ್ಲ. ಆದರೆ ಪಟ್ಟಿಯಲ್ಲಿ ಏನೇನು ಇರಬೇಕೆಂದು ಕಾಯಿದೆ ಹೇಳಿತ್ತೋ ಅದನ್ನು ನೋಡಿದರೆ ಇಂದಿನ ಸಂಶೋಧಕನ ಬಾಯಲ್ಲಿ ನೀರೂರುತ್ತದೆ. ಹೆಸರು, ಭಾಷೆ, ಕರ್ತೃ, ವಿಷಯ, ಅಚ್ಚಾದ ಊರು, ಮುದ್ರಕ, ಪ್ರಕಾಶಕ, ದಿನಾಂಕ, ಪುಟಗಳು, ಅಳತೆ, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಮೊಳೆಯಚ್ಚೋ ಕಲ್ಲಚ್ಚೋ, ಬೆಲೆ ಎಷ್ಟು. ಎಂಟು ಪುಟದ ಹಾಡಿನ ಪುಸ್ತಕವೂ ಈ ಲೆಕ್ಕದಿಂದ ಹೊರತಲ್ಲ. ಲಂಡನ್ನಿನ ಗ್ರಂಥಾಲಯಗಳು ಈ ಪಟ್ಟಿಗಳನ್ನು ನೋಡಿ ಬೇಕಾದುದನ್ನು ತರಿಸಿಕೊಳ್ಳುತ್ತಿದ್ದವು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಕನ್ನಡ, ಬಡಗ ಮತ್ತು ಕೊಡವ ಪುಸ್ತಕಗಳ ಸೂಚಿಯನ್ನು ಎಲ್.ಡಿ. ಬಾರ್ನೆಟ್ 1910ರಲ್ಲಿ ಪ್ರಕಟಿಸಿದ.

ಸ್ವಾತಂತ್ರ್ಯಾನಂತರ 1954ರ ಪುಸ್ತಕಗಳ ಒಪ್ಪಿಸುವಿಕೆ ಕಾಯಿದೆ ಬಂತು. ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗೊತ್ತಾದ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. 1867ರ ಕಾಯಿದೆ 2024ರ ಮಾರ್ಚ್ ತಿಂಗಳಿನಲ್ಲಿ ಹೊಸ ಕಾಯಿದೆಗೆ ಜಾಗ ಬಿಟ್ಟುಕೊಟ್ಟಿತು. ಕಾಯಿದೆ ಏನೇ ಹೇಳಲಿ, ಸಿನಿಮಾ ಮಂದಿರದ ಬಾಗಿಲಲ್ಲಿ ಹತ್ತು ಪೈಸೆಗೆ ಮಾರುತ್ತಿದ್ದ ಪದ್ಯಾವಳಿಯನ್ನು ಕಟ್ಟು ಕಟ್ಟಿ ಕಲ್ಕತ್ತೆಗೆ ಕಳಿಸಬೇಕೆಂದು ಯಾರಿಗೆ ತಾನೆ ತೋಚೀತು?

ಆ ಪದ್ಯಾವಳಿಗಳನ್ನು ನೆನಪಿಸಿಕೊಳ್ಳಿ. ರಟ್ಟಿನ ಮೇಲೆ ನಾಯಕ ನಾಯಕಿ, ಒಳಗೆ ತಾರಾಗಣ ಮತ್ತು ತಂತ್ರಜ್ಞರ ಪಟ್ಟಿ, ಆಮೇಲೆ ಕಥಾಸಾರಾಂಶ. ಕಥೆ ಕುತೂಹಲದ ಘಟ್ಟಕ್ಕೆ ಬರುತ್ತಿದ್ದಂತೆ ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಂತುಬಿಡುತ್ತದೆ. ನಂತರ ಹಾಡುಗಳು, ಬರೆದವರ ಹೆಸರು, ಹಾಡಿದವರ ಹೆಸರು. ಈಗ ಒಂದು ಸಂಗತಿ ಯೋಚಿಸಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆ ಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ಇನ್ನೂ ಹಲವು ಚಿತ್ರಗಳ ಗತಿಯೂ ಅದೇ. ಅಂತಹ ಚಿತ್ರಗಳಿಗೆ ಬೆಳ್ಳಿತೆರೆ ಹೋಯಿತು, ಪದ್ಯಾವಳಿ ಸಿಕ್ಕಿದರೆ ಅದೇ ಆಧಾರ. ಉಳಿದದ್ದನ್ನು ನೋಡಲು ಈಗ ತೆರೆಯೇ ಇಲ್ಲ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಚಿತ್ರಗಳ ಜೊತೆ ಪದ್ಯಾವಳಿಗಳನ್ನೂ ಕೂಡಿಡುತ್ತಾ ಬಂದದ್ದು ಈ ಕಾರಣದಿಂದಲೇ.

ಸಂವತ್ಸರದ ಒಗಟು

ಕನ್ನಡದ ಹಾಡಿನ ಕಾಗದಕ್ಕೆ ಸೂಚಿ ಬರೆಯುವವರಿಗೆ ಕೆಲವು ಅನುಕೂಲಗಳಿವೆ. ದಾಸರ ಪದಕ್ಕೂ ತತ್ವಪದಕ್ಕೂ ಅಂಕಿತ ಇರುತ್ತದೆ. ಕೊನೆಯ ಚರಣವೇ ಕರ್ತೃವಿನ ಹೆಸರು ಹೇಳುತ್ತದೆ. ಆದರೆ ಹಾಡುವವರ ಬಾಯಲ್ಲಿ ಅಂಕಿತ ಬದಲಾಗುವುದುಂಟು, ಆದ್ದರಿಂದ ಅಂಕಿತವನ್ನು ಇದ್ದಂತೆ ಬರೆದುಕೊಳ್ಳಬೇಕು, ತೀರ್ಪು ಕೊಡಬಾರದು. ರಾಗ, ತಾಳ, ಮಟ್ಟು ಮೂರೂ ಹುಡುಕುವವರಿಗೆ ಬಾಗಿಲುಗಳು. ಅಕಾರಾದಿಯಲ್ಲಿ ಜೋಡಿಸುವಾಗ ಎಚ್ಚರ ಬೇಕು. ಹಳೆಯ ಅಚ್ಚಿನಲ್ಲಿ ‘ಎಂಬ’ ಎನ್ನುವುದು ‘ಯೆಂಬ’ ಆಗಿರಬಹುದು, ‘ಒಂದು’ ಎನ್ನುವುದು ‘ವೊಂದು’ ಆಗಿರಬಹುದು. ಇದ್ದದ್ದನ್ನು ಇದ್ದ ಹಾಗೆ ಬರೆದು, ಇಂದಿನ ರೂಪದ ಕೆಳಗೂ ಒಂದು ಸೂಚನೆ ಕೊಟ್ಟರೆ ಹುಡುಕುವವರು ದಾರಿ ತಪ್ಪುವುದಿಲ್ಲ.

ವರ್ಷದ್ದು ದೊಡ್ಡ ಒಗಟು. ಹಳೆಯ ಪುಸ್ತಕದಲ್ಲಿ ಬರೀ ‘ಶಾರ್ವರಿ ಸಂವತ್ಸರ’ ಎಂದಿದ್ದರೆ ಏನು ತಿಳಿಯಬೇಕು? ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ. ಶಾರ್ವರಿ 1900ರಲ್ಲೂ ಬಂದಿತ್ತು, 1960ರಲ್ಲೂ ಬಂದಿತ್ತು, 2020ರಲ್ಲೂ ಬಂದಿತ್ತು. ಆಗ ಬೆಲೆಯನ್ನು ನೋಡಬೇಕು. ಆಣೆಯಲ್ಲಿದ್ದರೆ 1900ರದ್ದು ಎನ್ನಬಹುದು. ಏಕೆಂದರೆ 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. ‘ನಯಾ ಪೈಸೆ’ ಎಂದಿದ್ದರೆ ಸುಮಾರಾಗಿ 1957 ಮತ್ತು 1964ರ ನಡುವಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲಾರದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲಿನದು ಎಂದು ಊಹಿಸಬಹುದು. ಮುದ್ರಕನು ವರ್ಷವನ್ನು ಮುಚ್ಚಿಟ್ಟರೂ ಕಾಗದ ಬೇರೆ ದಾರಿಯಲ್ಲಿ ಹೇಳುತ್ತದೆ.

ಕೊಂಡವನ ಕೈಬರಹವೂ ಅಮೂಲ್ಯ. ಕೊಲಂಬಸನ ಮಗ ಹೆರ್ನಾಂಡೊ ಕೊಲೋನ್ (1488–1539) ದೊಡ್ಡ ಗ್ರಂಥಗಳ ಜೊತೆ ಬೀದಿಯ ಬಿಡಿ ಕಾಗದಗಳನ್ನೂ ಕೊಳ್ಳುತ್ತಿದ್ದ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡೆ ಎಂದು ಬರೆದಿಡುತ್ತಿದ್ದ. ಸ್ಪೇನಿನ ಸೆವಿಲ್ ನಗರದಲ್ಲಿ ಉಳಿದಿರುವ ಆ ಸಂಗ್ರಹ ಇಂದು ಆ ಕಾಲದ ಪುಸ್ತಕ ವ್ಯಾಪಾರದ ಲೆಕ್ಕದ ಪುಸ್ತಕವೂ ಆಗಿದೆ. ನಿಮ್ಮ ಮನೆಯ ಪದ್ಯಾವಳಿಯ ಮೂಲೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಸಿನಿಮಾ ನೋಡಿದ ತಾರೀಖು, ಟಾಕೀಸಿನ ಹೆಸರು ಬರೆದಿದ್ದರೆ ಅದನ್ನು ಗಲೀಜು ಎಂದು ಅಳಿಸಬೇಡಿ. ಒಂದು ಊರಿಗೆ ಒಂದು ಚಿತ್ರ ಯಾವಾಗ ಬಂತು ಎಂಬುದಕ್ಕೆ ಬೇರೆ ದಾಖಲೆ ಇಲ್ಲದಿರಬಹುದು.

ಅಟ್ಟದಲ್ಲಿರುವುದು

ಇಲ್ಲಿ ಒಂದು ವಿಪರ್ಯಾಸವನ್ನೂ ಹೇಳಬೇಕು. ಪೀಪ್ಸನ ಹಾಳೆಗಳು ಹಳೆಯ ಬಟ್ಟೆಯ ನಾರಿನಿಂದ ಮಾಡಿದ ಕಾಗದ. ಮುನ್ನೂರು ವರ್ಷವಾದರೂ ಮಡಚಿದರೆ ಮಡಚುತ್ತದೆ. ನಮ್ಮ ಪದ್ಯಾವಳಿಗಳು ಮರದ ತಿರುಳಿನ ಅಗ್ಗದ ಕಾಗದ. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಐವತ್ತು ವರ್ಷಕ್ಕೆ ಕಂದುಬಣ್ಣಕ್ಕೆ ತಿರುಗಿ, ಮಡಿಕೆಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಗೆದ್ದಲಿನ ಮಾತು ಹೇಳಬೇಕಾಗಿಯೇ ಇಲ್ಲ. ಅಂದರೆ ಈ ಕೆಲಸಕ್ಕೆ ನಮಗೆ ಮುನ್ನೂರು ವರ್ಷದ ವಾಯಿದೆ ಇಲ್ಲ.

ಪರಿಹಾರ ದುಬಾರಿಯಲ್ಲ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆಯಿರಿ. ಸೆಲ್ಲೊ ಟೇಪು ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿದರೆ ಬಿಡಿಸಲಾಗದು. ಹಾಳೆಗಳನ್ನು ಮಡಚದೆ, ಬಿಸಿಲು ಮತ್ತು ತೇವ ತಾಗದ ಕಡೆ ಚಪ್ಪಟೆಯಾಗಿ ಇಡಿ. ಅಳತೆಗೆ ಹೊಂದದಿದ್ದರೆ ಡಬ್ಬಿಯನ್ನು ಬದಲಿಸಿ, ಕಾಗದವನ್ನು ಕತ್ತರಿಸಬೇಡಿ. ಫೋನಿನಲ್ಲಿ ಪ್ರತಿ ಪುಟದ ಚಿತ್ರ ತೆಗೆದಿಡಿ, ಹಿಂದಿನ ರಟ್ಟಿನ ಜಾಹೀರಾತನ್ನೂ ಬಿಡಬೇಡಿ. ಹಂಚುವಾಗ ಮಾತ್ರ ಎಚ್ಚರ. ನಮ್ಮ ದೇಶದಲ್ಲಿ ಬರೆದವರ ಮರಣದ ನಂತರವೂ 60 ವರ್ಷ ಗೀತೆಗೆ ಕೃತಿಸ್ವಾಮ್ಯ ಇರುತ್ತದೆ. ಆದರೆ ಸೂಚಿ ಬರೆಯಲು ಯಾರ ಅಪ್ಪಣೆಯೂ ಬೇಡ.

ಸೂಚಿ ಎಂದರೆ ಹೆದರಬೇಕಾಗಿಲ್ಲ. ಒಂದು ಕಾಗದಕ್ಕೆ ಒಂದು ಚೀಟಿ. ಅದರಲ್ಲಿ ಹಾಡಿನ ಮೊದಲ ಸಾಲು, ಶೀರ್ಷಿಕೆ, ಬರೆದವರ ಹೆಸರು ಅಥವಾ ಅಂಕಿತ, ಮಟ್ಟು ಅಥವಾ ರಾಗ ತಾಳ, ಅಚ್ಚುಕೂಟ ಮತ್ತು ಊರು, ಬೆಲೆ, ಪುಟ, ಮತ್ತು ಈ ಕಾಗದ ಯಾರ ಮನೆಯಲ್ಲಿದೆ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಊಹೆಯಾದರೆ ಊಹೆ ಎಂದೇ ಬರೆಯಿರಿ. ಒಂದು ಹಳ್ಳಿಯ ಶಾಲೆಯ ಮಕ್ಕಳು ತಮ್ಮ ತಮ್ಮ ಮನೆಯ ಕಾಗದಕ್ಕೆ ಇಂತಹ ಚೀಟಿ ಬರೆದು ಅಕಾರಾದಿಯಲ್ಲಿ ಜೋಡಿಸಿದರೆ ಆ ಊರಿನ ಹಾಡಿನ ಚರಿತ್ರೆಯ ಮೊದಲ ಅಧ್ಯಾಯ ಸಿದ್ಧವಾದಂತೆ. ರೌಡ್ ಅವರ ಲಕ್ಷಾಂತರ ಉಲ್ಲೇಖಗಳೂ ಮೊದಲು ಒಂದು ಕಾರ್ಡಿನಿಂದಲೇ ಶುರುವಾದವು.

ಗ್ರಂಥಾಲಯ ವಿಜ್ಞಾನದ ನಮ್ಮ ಗುರು ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರು ತೀರಿಕೊಂಡದ್ದು 1972ರಲ್ಲಿ. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದೇ ಇದ್ದಾನೆ, ಅವನನ್ನು ಪುಸ್ತಕಕ್ಕೆ ಮುಟ್ಟಿಸುವುದು ಗ್ರಂಥಾಲಯದ ಹೊಣೆ ಎಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ಒಂದು ತಾತ್ಪರ್ಯ. ರಟ್ಟಿಲ್ಲದ, ಬೆನ್ನಿಲ್ಲದ ಎಂಟು ಪುಟಕ್ಕೂ ಈ ಮಾತು ಸಲ್ಲಬೇಕು.

ಲಂಡನ್ನಿನ ದಫ್ತರದಲ್ಲಿ ಹೆಸರು ಉಳಿದು ಹಾಡು ಹೋಯಿತು. ನಮ್ಮ ಅಟ್ಟಗಳಲ್ಲಿ ಹಾಡು ಇನ್ನೂ ಇದೆ, ಅದರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಎರಡರಲ್ಲಿ ನಮ್ಮ ಸ್ಥಿತಿಯೇ ಮೇಲು, ಏಕೆಂದರೆ ಹೋದ ಹಾಡನ್ನು ಯಾರೂ ತರಲಾರರು, ಇರುವ ಹಾಡಿಗೆ ಚೀಟಿ ಬರೆಯುವುದು ಹತ್ತು ನಿಮಿಷದ ಕೆಲಸ. ಹಬ್ಬಕ್ಕೆಂದು ಅಟ್ಟ ಗುಡಿಸುವಾಗ ಹಳೆಯ ಕಾಗದದ ಕಟ್ಟನ್ನು ರದ್ದಿ ಅಂಗಡಿಯ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಕಡಲೆಕಾಯಿ ಕಟ್ಟಲು ಬೇರೆ ಕಾಗದ ಸಿಕ್ಕೀತು.